ಮುಖದ ಲೆನ್ಸು

ನಾಲ್ಕನೆಯ ಸಲ ಮೊದಲನೆಯ ಕ್ಯಾಮೆರಾವನ್ನೇ ಕೈಗೆತ್ತಿಕೊಂಡ.

"ಅದನ್ನ ಆಗ್ಲೇ ಬೇಡ ಅಂದ್ರಿ ಸಾರ್," ಎಂದ ಅಂಗಡಿಯವನು.

"ಬೇಡ ಅನ್ಲಿಲ್ಲ. ನೋಡೋಣ ಅಂದೆ."

"ನೋಡಿ, ನೋಡಿ. ನೋಡೋದಕ್ಕೇ ಅಲ್ವಾ ಅದಿರೋದು."

ಕ್ಯಾಮೆರಾಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕು, ಅಷ್ಟಗಲ. ಕಪಾಟಿನ ಗಾಜಿನ ಹಿಂದೆ ಲೆನ್ಸುಗಳು ಮುಚ್ಚಳ ಹಾಕಿಕೊಂಡು ಸಾಲಾಗಿ ಕೂತಿದ್ದವು. ಒಂದೊಂದರ ಮಗ್ಗುಲಿಗೂ ತೇವ ಹೀರುವ ಬಿಳಿ ಪೊಟ್ಟಣ. ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಹತ್ತಕ್ಕೆ ಅವನು ಷಡ್ಡಕನ ಮನೆ ಬಾಗಿಲಲ್ಲಿರಬೇಕಿತ್ತು. ಅಲ್ಲಿ ಹೆಂಡತಿ ಚೀಲ ಕಟ್ಟಿಕೊಂಡು ಕಾಯುತ್ತಿದ್ದಳು.

ಕಾಯುತ್ತಿದ್ದಾಳೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಸರವಾಗುತ್ತಿತ್ತು. ಅವಸರವಾದಷ್ಟೂ ಯಾವುದೂ ಸರಿಯೆನಿಸುತ್ತಿರಲಿಲ್ಲ.

ಮೂರು ತಿಂಗಳಿಂದ ಅವಳು ತನ್ನ ಅಕ್ಕನ ಮನೆಯಲ್ಲಿದ್ದಳು. ಜಗಳವಾಡಿ ಹೋದವಳಲ್ಲ. ಜಗಳವಾಡಿದ್ದರೆ ಅವನಿಗೆ ಅನುಕೂಲವಿತ್ತು. ಎಲ್ಲಿ ಪೆಟ್ಟು ಬಿತ್ತೆಂದು ಹುಡುಕಬಹುದಿತ್ತು. ಒಂದು ಭಾನುವಾರ ಬಟ್ಟೆ ಮಡಚುತ್ತಾ, "ಸ್ವಲ್ಪ ದಿನ ಅಕ್ಕನ ಹತ್ರ ಇದ್ದು ಬರ್ತೀನಿ," ಎಂದಳು. ಅವನು "ಸರಿ" ಎಂದ. ಸ್ವಲ್ಪ ದಿನ ಮೂರು ತಿಂಗಳಾಯಿತು. ಕಳೆದ ತಿಂಗಳು ಅವಳೇ ಫೋನು ಮಾಡಿದಳು. ಕಾರಿನಲ್ಲಿ ಇಬ್ಬರೇ ಐದು ದಿನ ಎಲ್ಲಾದರೂ ಹೋಗೋಣ, ಎಲ್ಲಿಗೆಂಬುದು ಮುಖ್ಯವಲ್ಲ. "ವಾಪಸ್ ಬರುವಾಗ ಕಾರು ಯಾರ ಮನೆ ಮುಂದೆ ನಿಲ್ಲಬೇಕು ಅಂತ ಹೇಳ್ತೀನಿ," ಎಂದಳು.

ಬೇರೆ ಯಾವನಾದರೂ ಆಗಿದ್ದರೆ ಆ ಐದು ದಿನಕ್ಕೆ ಬೇಕಾದಷ್ಟು ಮಾತು ಹುಡುಕುತ್ತಿದ್ದ. ಅವನು ಕ್ಯಾಮೆರಾ ಹುಡುಕಲು ಕೂತ.

ಮೂರು ವಾರ ಕೂತ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಖಾನೆ ಮಾಡಿ, ಒಂದೊಂದು ಕ್ಯಾಮೆರಾದ ಗುಣ ದೋಷ ಬರೆದ. ಗುಣದ ಖಾನೆ ಬೇಗ ಮುಗಿಯುತ್ತಿತ್ತು. ದೋಷದ ಖಾನೆಗೆ ಪುಟದ ಅಂಚು ಸಾಲುತ್ತಿರಲಿಲ್ಲ. ಅದು ಅವನ ಕಸುಬು. ಅವನು ವಾಹನ ವಿಮೆಯ ಸರ್ವೇಯರ್. ಗುದ್ದಿದ, ಮಗುಚಿದ, ನೀರಲ್ಲಿ ಮುಳುಗಿದ ಕಾರುಗಳನ್ನು ಗ್ಯಾರೇಜಿಗೆ ಹೋಗಿ ನೋಡಿ, ರಿಪೇರಿಯೋ ಟೋಟಲ್ ಲಾಸೋ ಎಂದು ಬರೆದುಕೊಡುವುದು. ಇಂಜಿನಿಯರಿಂಗ್ ಓದಿದ್ದು ಏನನ್ನಾದರೂ ಕಟ್ಟುತ್ತೇನೆಂದು. ಹದಿನೈದು ವರ್ಷದಿಂದ ಮಾಡಿದ್ದು ಮುರಿದದ್ದನ್ನು ಅಳೆಯುವ ಕೆಲಸ. ಮೊದಲು ನಾಲ್ಕು ಕಡೆಯಿಂದ ನಾಲ್ಕು ಫೋಟೋ. ಆಮೇಲೆ ನಂಬರ್ ಪ್ಲೇಟು, ಮೀಟರು. ಆಮೇಲೆ ಪೆಟ್ಟು ಬಿದ್ದ ಜಾಗ, ದೂರದಿಂದ ಒಂದು, ಹತ್ತಿರದಿಂದ ಒಂದು. ಹೀಗೆ ಸಾವಿರಗಟ್ಟಲೆ ಫೋಟೋ ತೆಗೆದಿದ್ದ. ಅವುಗಳಲ್ಲಿ ಒಂದರಲ್ಲೂ ಮನುಷ್ಯರಿರಲಿಲ್ಲ. ಇದ್ದವರನ್ನು "ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು ಸರಿಸಿಯೇ ತೆಗೆದದ್ದು.

ಆದರೆ ಈ ಐದು ದಿನ ಹಾಗಲ್ಲ. ಈ ಐದು ದಿನದಲ್ಲಿ ಅವಳು ನಗುತ್ತಿರುವ ಫೋಟೋಗಳಿರಬೇಕು. ಸುಖವಾಗಿದ್ದೆವು ಎಂಬುದಕ್ಕೆ ಆಧಾರ ಬೇಕು. ಫೋಟೋ ಇಲ್ಲದ ಕ್ಲೇಮನ್ನು ಅವನೇ ಎಷ್ಟು ಸಲ ವಾಪಸ್ ಕಳಿಸಿಲ್ಲ!

"ಸಾರ್, ಯಾವುದರ ಫೋಟೋ ತೆಗೀಬೇಕು ಅಂತ ಹೇಳಿ. ಅದಕ್ಕೆ ತಕ್ಕ ಹಾಗೆ ಕೊಡ್ತೀನಿ," ಎಂದ ಅಂಗಡಿಯವನು.

"ಪ್ರವಾಸದ್ದು."

"ಪ್ರವಾಸ ಅಂದ್ರೆ? ಬೆಟ್ಟವಾ, ಹಕ್ಕಿಯಾ, ಜನವಾ?"

"ಎಲ್ಲಾ."

"ಎಲ್ಲಾ ಅಂದ್ರೆ ಇನ್ನೂ ತೀರ್ಮಾನ ಆಗಿಲ್ಲ ಅಂತ. ಜೊತೇಲಿ ಯಾರು?"

"ಮನೆಯವರು."

ಅಂಗಡಿಯವನ ಮುಖ ಸಡಿಲವಾಯಿತು. ಕೆಳಗಿನ ಖಾನೆಯಿಂದ ಅಂಗೈಯಗಲದ ಕ್ಯಾಮೆರಾವೊಂದನ್ನು ತೆಗೆದು ಬಟ್ಟೆಯಲ್ಲಿ ಒರೆಸಿದ. "ಹಂಗಾದ್ರೆ ಇದೊಂದು ಸಾಕು. ಲೆನ್ಸ್ ಬದಲಾಯಿಸೋ ತಲೆನೋವಿಲ್ಲ. ಮಾತಾಡ್ತಾ ಮಾತಾಡ್ತಾ ತೆಗೀಬಹುದು. ಮನೆಯವರಿಗೆ ಗೊತ್ತೂ ಆಗಲ್ಲ."

ಮಾತಾಡ್ತಾ ಮಾತಾಡ್ತಾ. ಯಾರೋ ಬೇಕೆಂದೇ ಕಾಲು ತುಳಿದಂತಾಯಿತು.

"ಇದರ ಸೆನ್ಸರ್ ಚಿಕ್ಕದು."

"ನಿಮ್ಮ ಮನೆಯವರು ಹಿಡಿಸ್ತಾರೆ ಬಿಡಿ ಸಾರ್."

ಅಂಗಡಿಯವನು ತನ್ನ ಜೋಕಿಗೆ ತಾನೇ ನಕ್ಕ. ಅವನು ನಗಲಿಲ್ಲ. ದೊಡ್ಡ ಕ್ಯಾಮೆರಾ ಆರಿಸಿದ. ಒಂದಲ್ಲ, ಎರಡು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಲೆನ್ಸು ಮೂರು. ಎದುರಿಗಿರುವುದನ್ನೆಲ್ಲ ಒಟ್ಟಿಗೆ ಹಿಡಿಯುವ ವೈಡು. ದೂರದ್ದನ್ನು ಹತ್ತಿರಕ್ಕೆಳೆಯುವ, ಮೊಳದುದ್ದದ ಟೆಲಿ. ಮೂರನೆಯದನ್ನು ಅಂಗಡಿಯವನು ಎರಡು ಕೈಯಲ್ಲಿ ತಂದು ಮೆಲ್ಲಗೆ ಇಟ್ಟ.

"ಇದು ಮುಖದ ಲೆನ್ಸು. ಇದರಲ್ಲಿ ಮುಖ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕರಗಿ ಹೋಗುತ್ತೆ. ನನ್ನದೇ ಒಂದು ತೆಗೀರಿ, ನೋಡಿ."

ಅಂಗಡಿಯವನು ಕೂದಲು ನೇವರಿಸಿಕೊಂಡು ಹಲ್ಲು ಬಿಟ್ಟು ನಿಂತ. ಅವನು ಕಣ್ಣಿಟ್ಟು ಗುಂಡಿ ಒತ್ತಿದ. ಇಬ್ಬರೂ ಬಗ್ಗಿ ಪರದೆ ನೋಡಿದರು. ಅಂಗಡಿಯವನ ನಗು ಹೊಗೆಯಂತೆ ಮಸುಕಾಗಿತ್ತು. ಅವನ ಹಿಂದೆ, ಕಪಾಟಿನ ಗಾಜಿನ ಮೂಲೆಯಲ್ಲಿದ್ದ ಬಿರುಕು ಮಾತ್ರ ಕೂದಲೆಳೆಯಷ್ಟು ಸ್ಪಷ್ಟ.

"ಅಯ್ಯೋ, ಇದ್ಯಾವಾಗ ಬಿಡ್ತು?" ಎಂದು ಅಂಗಡಿಯವನು ತಿರುಗಿ ಗಾಜು ಸವರಿದ. "ಇಷ್ಟು ದಿನ ನನಗೇ ಕಂಡಿರ್ಲಿಲ್ಲ."

ಫೋನು ಬಂತು. ಹೆಂಡತಿ.

"ಎಲ್ಲಿದ್ದೀರಾ?"

"ಹೊರಟೆ."

"ಹೊರಟ್ರಾ, ಹೊರಡ್ತಾ ಇದ್ದೀರಾ?"

"ಹೊರಟ ಹಂಗೇ."

"ಸರಿ, ಬನ್ನಿ ಹಂಗೇ," ಎಂದಳು.

ಟ್ರೈಪಾಡು ಎರಡು ಬಗೆಯದಿತ್ತು. ಹಗುರದ್ದು ಗಾಳಿಗೆ ಅಲ್ಲಾಡಬಹುದು. ಭಾರದ್ದು ಭಾರ. ಇನ್ನೂ ಅರ್ಧ ಗಂಟೆ ಹೋಯಿತು.

ಷಡ್ಡಕನ ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಮೆಟ್ಟಿಲ ಮೇಲೆ ನೀಲಿ ಚೀಲವೊಂದು ಒಂಟಿಯಾಗಿ ಕೂತಿತ್ತು. ಷಡ್ಡಕ ಬನಿಯನ್ನಿನಲ್ಲೇ ಹೊರಗೆ ಬಂದ. ಹೊಟ್ಟೆಯ ಮೇಲೆ ಕೈ ಕಟ್ಟಿ ನಿಂತು, "ಬಾರೇ, ನಿನ್ನ ತಂಗಿ ಗಂಡ ಡೆಂಟ್ ಸಾಹೇಬರು ಬಂದ್ರು!" ಎಂದು ಒಳಕ್ಕೆ ಕೂಗಿದ. ಆ ಹೆಸರಿಟ್ಟವನು ಅವನೇ. ಎಂಟು ವರ್ಷದಿಂದ ಅದೇ ಜೋಕು, ಅದೇ ಹೊಟ್ಟೆ.

"ತಡವಾಯ್ತು ಭಾವ."

"ನನಗೇನಪ್ಪಾ ತಡ? ರಜೆ. ತಡ ಆಗಿದ್ದು ಅವಳಿಗೆ. ಬೆಳಿಗ್ಗೆ ಆರಕ್ಕೇ ತಲೆ ಬಾಚಿಕೊಂಡು ಕೂತಿದ್ದಾಳೆ. ಈಗ ಇನ್ನೊಂದು ಸಲ ಬಾಚ್ಕೋತಿರಬೇಕು."

ಅವಳು ಬಂದಳು. ಬೂದು ಬಣ್ಣದ ಹೊಸ ಅಂಗಿ. ತುಸು ತೆಳ್ಳಗಾಗಿದ್ದಳೋ, ಅಂಗಿ ದೊಡ್ಡದಿತ್ತೋ. ನೋಡಿ ನಕ್ಕಳು. ಅವನೂ ನಗಬೇಕಿತ್ತು; ಅಷ್ಟರಲ್ಲಿ ಅವಳ ಚೀಲ ಎಲ್ಲಿ ಇಡುವುದೆಂಬ ಯೋಚನೆ ಬಂತು.

ಡಿಕ್ಕಿಯಲ್ಲಿ ಟ್ರೈಪಾಡು ಅಡ್ಡ ಮಲಗಿತ್ತು. ಅದರ ಮೇಲೆ ಅವನ ಚೀಲ, ಫ್ಲ್ಯಾಶಿನ ಪೆಟ್ಟಿಗೆ, ಎರಡನೆಯ ಕ್ಯಾಮೆರಾ. ಹಿಂದಿನ ಸೀಟಿನ ಉದ್ದಕ್ಕೂ ಲೆನ್ಸುಗಳು. ಒಂದಕ್ಕೊಂದು ತಗುಲದಂತೆ ಮನೆಯ ದಿಂಬುಗಳನ್ನು ನಡುವೆ ತುರುಕಿದ್ದ. ಅವಳು ಮುಂದಿನ ಬಾಗಿಲು ತೆಗೆದಳು. ಸೀಟಿನಲ್ಲಿ ದೊಡ್ಡ ಕ್ಯಾಮೆರಾದ ಚೀಲ ಕೂತಿತ್ತು. ಅದಕ್ಕೆ ಸೀಟ್ ಬೆಲ್ಟ್ ಹಾಕಿತ್ತು.

ಅವಳು ಬೆಲ್ಟನ್ನು ಬೆರಳಲ್ಲಿ ಎಳೆದು ನೋಡಿದಳು.

"ಇವರು ಯಾರು?"

"ಬ್ರೇಕ್ ಹಾಕಿದಾಗ ಬೀಳಬಾರದು ಅಂತ."

"ನನಗೆ ಯಾವತ್ತೂ ನೀವಾಗೇ ಬೆಲ್ಟ್ ಹಾಕಿಲ್ಲ ಕಣ್ರೀ."

ಷಡ್ಡಕ ಗೋಡೆಗೊರಗಿ ಹೊಟ್ಟೆ ಕುಣಿಸಿ ನಕ್ಕ. ಅವಳ ಅಕ್ಕ ಒಳಗಿನಿಂದ ಊಟಕ್ಕೆ ಕರೆದರು. ಊಟದ ಹೊತ್ತೆಲ್ಲ ಅವನ ಕಣ್ಣು ಕಿಟಕಿಯಾಚೆಯ ಕಾರಿನ ಮೇಲಿತ್ತು. ಬಿಸಿಲು ಹಿಂದಿನ ಗಾಜಿಗೆ ಬರುತ್ತಿತ್ತು.

"ಹಿಂದೆ ಬಿಸಿಲು ಬೀಳ್ತಿದೆ. ಲೆನ್ಸಿಗೆ ಬಿಸಿಲು ಆಗಲ್ಲ," ಎಂದು ಎದ್ದ.

"ನನಗೂ ಆಗಲ್ಲ. ಆದ್ರೂ ಹನ್ನೊಂದು ವರ್ಷದಿಂದ ತಡ್ಕೊಂಡಿದ್ದೀನಿ," ಎಂದಳು ಅವಳು, ತಟ್ಟೆ ನೋಡುತ್ತಲೇ. ಅಕ್ಕ ನೀರಿನ ಲೋಟ ಅವಳತ್ತ ಸರಿಸಿದರು.

ಏನಾದರೊಂದನ್ನು ಇಳಿಸಿದ ಹೊರತು ನೀಲಿ ಚೀಲಕ್ಕೆ ಜಾಗವಿರಲಿಲ್ಲ. ಯಾವುದನ್ನು ಇಳಿಸುವುದು? ಅವನು ಡಿಕ್ಕಿ ಮುಂದೆ ನಿಂತ. ಟ್ರೈಪಾಡು ತೆಗೆದು ಹೊರಗಿಟ್ಟ, ಮತ್ತೆ ಒಳಗಿಟ್ಟ. ಹಿಂದಿನ ಸೀಟಿನಿಂದ ಟೆಲಿ ತೆಗೆದ. ದೂರದ ಹಕ್ಕಿ ಸಿಕ್ಕಿದರೆ? ಮುಖದ ಲೆನ್ಸಂತೂ ಬಿಡುವ ಹಾಗಿಲ್ಲ. ಇಪ್ಪತ್ತು ನಿಮಿಷ ಹೀಗೆ ಒಳಗೆ ಹೊರಗೆ ಮಾಡಿದ. ಅವಳು ಮೆಟ್ಟಿಲ ಮೇಲೆ ಚೀಲದ ಪಕ್ಕದಲ್ಲಿ ಕೂತು ಮೊಣಕಾಲು ಅಪ್ಪಿಕೊಂಡು ನೋಡುತ್ತಿದ್ದಳು.

"ನನ್ನ ಚೀಲಾನೇ ಬಿಟ್ಟು ಹೋಗೋಣ್ವಾ?" ಎಂದಳು.

ಅವನು ಅದನ್ನೂ ಒಂದು ಕ್ಷಣ ಯೋಚಿಸಿದ. ಯೋಚಿಸಿದ್ದು ಅವಳಿಗೆ ಕಂಡಿತು.

ಕೊನೆಗೆ ವೈಡ್ ಲೆನ್ಸಿನ ಪೆಟ್ಟಿಗೆಯನ್ನು ಷಡ್ಡಕನ ಕೈಗಿತ್ತ.

"ಇದರಲ್ಲಿ ಏನು ಕಾಣುತ್ತೆ?" ಎಂದು ಷಡ್ಡಕ ಕೇಳಿದ.

"ಇದರಲ್ಲಿ ಎಲ್ಲಾ ಕಾಣುತ್ತೆ. ಹತ್ತಿರ ನಿಂತ್ರೂ ಎಲ್ಲಾರೂ ಬರ್ತಾರೆ."

"ಮತ್ತೆ ಅದನ್ನೇ ಬಿಟ್ಟು ಹೋಗ್ತಿದ್ದೀಯಲ್ಲೋ ಮಾರಾಯ!"

"ಅಂಚಿನಲ್ಲಿ ಸ್ವಲ್ಪ ಎಳೆಯುತ್ತೆ ಭಾವ. ಮುಖ ಸೊಟ್ಟಗೆ ಬರುತ್ತೆ."

"ನಮ್ಮ ಮುಖ ಇರೋದೇ ಸೊಟ್ಟಗೆ. ನಾನು ಫೋನಲ್ಲಿ ಹೊಡೀತೀನಿ. ಎಲ್ಲಾ ಫೋಟೋದಲ್ಲೂ ನನ್ನ ಹೆಬ್ಬೆರಳು ಬಂದಿರುತ್ತೆ. ಆದ್ರೆ ನಿಮ್ಮಕ್ಕ ನಕ್ಕಿರ್ತಾಳೆ ನೋಡು."

ಕಾರು ಹೊರಟಾಗ ಒಂದೂವರೆ. ಕ್ಯಾಮೆರಾ ಚೀಲವನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಯಾರದೋ ಮಗುವನ್ನು ಬಸ್ಸಿನಲ್ಲಿ ಹಿಡಿದುಕೊಳ್ಳುವಂತೆ.

ಊರು ಹಿಂದಾಯಿತು. ಗೋದಾಮುಗಳು, ಟೈರಿನ ಅಂಗಡಿಗಳು, ಅರ್ಧ ಕಟ್ಟಿ ಬಿಟ್ಟ ಮಹಡಿಗಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಹೊಸ ಡಾಕ್ಟರೊಬ್ಬ ತನ್ನ ರಕ್ತ ಪರೀಕ್ಷೆಗೆ ಬಂದು, ಸೂಜಿ ನೋಡಿ ಕುರ್ಚಿಯಿಂದ ಜಾರಿ ಬಿದ್ದ ಕಥೆ ಹೇಳಿದಳು. ಆ ಡಾಕ್ಟರನ ಅಪ್ಪನಿಗೆ ಫೋನು ಮಾಡಬೇಕಾಯಿತಂತೆ. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು.

"ಹೂಂ," ಎಂದ ಅವನು. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ. ಈ ಬೆಳಕಿನಲ್ಲಿ ಮುಖ ತೆಗೆದರೆ ಕಣ್ಣ ಕೆಳಗೆ ಕಪ್ಪು ಬೀಳುತ್ತದೆ. ನಾಲ್ಕರ ಮೇಲೆ ಸರಿಹೋಗಬಹುದು. ನಗು ನಾಲ್ಕರ ಮೇಲೆ ಬಂದಿದ್ದರೆ ಚೆನ್ನಾಗಿತ್ತು.

"ಕೇಳಿಸ್ತಾ?"

"ಕೇಳಿಸ್ತು. ಡಾಕ್ಟರು ಬಿದ್ದ."

"ದಿನಾ ಐವತ್ತು ಜನಕ್ಕೆ ಹೇಳ್ತೀನಿ, ಈ ಕಡೆ ನೋಡ್ಬೇಡಿ, ಆಚೆ ನೋಡ್ತಿರಿ ಅಂತ. ನಿಮ್ಮೊಬ್ಬರಿಗೆ ಹೇಳೋದೇ ಬೇಡ."

ಅಷ್ಟರಲ್ಲಿ ಆಫೀಸಿನಿಂದ ಮ್ಯಾನೇಜರ್ ಫೋನು. ಕಾರಿನ ಸ್ಪೀಕರಿನಲ್ಲಿ ದನಿ ಮೊಳಗಿತು.

"ರಜೆಯಲ್ಲಿ ತೊಂದ್ರೆ ಕೊಟ್ಟೆ. ಆ ಕೆಂಪು ಕಾರಿಂದು, ರಿಪೇರಿನಾ ಟೋಟಲ್ ಲಾಸಾ? ಗ್ಯಾರೇಜಿನವನು ಪ್ರಾಣ ತಿಂತಿದ್ದಾನೆ."

"ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ ಸಾರ್. ಒಳಗೆ ಚಾಸಿ ಬಾಗಿದೆ. ಇನ್ನೊಂದು ಸಲ ಬಿಚ್ಚಿ ನೋಡ್ಬೇಕು."

"ಎಷ್ಟು ಸಲರೀ ಬಿಚ್ತೀರಾ? ಒಂದು ಮಾತು ಹೇಳಿ."

"ವಾಪಸ್ ಬಂದಮೇಲೆ ಹೇಳ್ತೀನಿ."

ಫೋನಿಟ್ಟ. ಅವಳು ಕಿಟಕಿಯತ್ತ ತಿರುಗಿ ನಗುತ್ತಿದ್ದಳು, ಭುಜ ಅಲುಗುತ್ತಿತ್ತು. ಏನೆಂದು ಕೇಳಲಿಲ್ಲ. ನಗುತ್ತಿದ್ದಾಳೆಂದುಕೊಂಡ, ಸ್ವಲ್ಪ ಹೊತ್ತಿನ ಮೇಲೆ ಅದು ನಗುವೇ ಹೌದೇ ಎಂದು ಅನುಮಾನವಾಯಿತು. ಆಗ ಕೇಳಲು ತಡವಾಗಿತ್ತು.

ಮೂರು ಸಲ ಕಾರು ನಿಲ್ಲಿಸಿದ. ಮೊದಲ ಸಲ ಬೆಳಕು ಸರಿಯಿರಲಿಲ್ಲ. ಎರಡನೆಯ ಸಲ ತಂತಿಗಳು ಅಡ್ಡ ಬಂದವು. ಮೂರನೆಯ ಸಲ ಟೆಲಿ ಹಾಕಿ ದೂರದ ಗುಡ್ಡ ನೋಡಿದ. ಗುಡ್ಡದ ನೆತ್ತಿಯ ಮೇಲೆ ಒಂದು ಟವರು, ಟವರಿನ ತುಕ್ಕು ಕಾಣುತ್ತಿತ್ತು. ಮೂರು ಸಲವೂ ಅವಳು ಇಳಿದು, ನಿಂತು, ಕೂದಲು ಸರಿಮಾಡಿಕೊಂಡು, ಮತ್ತೆ ಹತ್ತಿದಳು. ಮೂರನೆಯ ಸಲ ಕೂದಲು ಸರಿಮಾಡಿಕೊಳ್ಳಲಿಲ್ಲ.

ನಾಲ್ಕೂವರೆಗೆ ರಸ್ತೆ ಬದಿಯ ಟೀ ಅಂಗಡಿ. ತಗಡಿನ ಚಾವಣಿ, ಎರಡು ಬೆಂಚು, ಪಕ್ಕದಲ್ಲಿ ಬಿಳಿ ಬಳಿದ ಗೋಡೆ. ಗೋಡೆಯ ಮೇಲೆ ಬೆಳಕು ಹಾಲಿನಂತೆ ಹರಡಿತ್ತು. ಅವನು ತನ್ನ ಲೋಟ ಬೆಂಚಿನ ಮೇಲಿಟ್ಟು ಎದ್ದ.

"ಲೋಟ ಇಡು. ಬಾ. ಇಲ್ಲಿ ನಿಂತ್ಕೋ."

"ಟೀ ಬಿಸಿ ಇದೆ."

"ಬೆಳಕು ಹೋಗುತ್ತೆ."

ಅವಳು ಲೋಟ ಇಟ್ಟು ಬಂದು ನಿಂತಳು. ಅವನು ಮುಖದ ಲೆನ್ಸು ಹಾಕಿದ. ಕೈ ತಾನಾಗಿ ಕೆಲಸ ಮಾಡತೊಡಗಿತು. ಬೆಳಗಿನಿಂದ ಯಾವುದನ್ನೂ ಆರಿಸಲಾಗದೆ ಒದ್ದಾಡಿದ್ದ ಬೆರಳುಗಳು ಈಗ ತಡವರಿಸಲಿಲ್ಲ.

"ನೇರ ನೋಡು. ಹಾಂ. ಸ್ವಲ್ಪ ಎಡಕ್ಕೆ ತಿರುಗು. ಪೂರ್ತಿ. ಈಗ ಬಲಕ್ಕೆ. ಈಗ ಆ ಕಡೆ ತಿರುಗು."

"ಬೆನ್ನು ತೆಗೀತೀರಾ?"

"ಸುಮ್ನಿರು, ಅಲ್ಲಾಡ್ಬೇಡ."

ಆಮೇಲೆ ಹತ್ತಿರ ಬಂದ. ಇನ್ನೂ ಹತ್ತಿರ. ಒಂದು, ಎರಡು, ಐದು, ಎಂಟು. ಹದಿನೈದು ವರ್ಷದಲ್ಲಿ ಇಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಸಂತೋಷದಿಂದ ಕ್ಯಾಮೆರಾವನ್ನು ಅವಳ ಕೈಗಿತ್ತು, ತಣ್ಣಗಾದ ಟೀ ಕುಡಿಯಲು ಬೆಂಚಿಗೆ ಹೋದ.

ಅವಳು ಗೋಡೆಗೊರಗಿ ಒಂದೊಂದಾಗಿ ನೋಡಿದಳು. ನಿಧಾನವಾಗಿ. ಮತ್ತೆ ಮೊದಲಿನಿಂದ. ಆಮೇಲೆ ಬಂದು ಅವನ ಪಕ್ಕ ಕೂತು ಪರದೆಯನ್ನು ಅವನತ್ತ ಹಿಡಿದಳು.

"ಇದೇನು ಇದು?"

"ಚೆನ್ನಾಗಿ ಬಂದಿಲ್ವಾ?"

"ಮುಂದೆ, ಎಡಕ್ಕೆ, ಬಲಕ್ಕೆ, ಹಿಂದೆ. ನಾಲ್ಕು. ಆಮೇಲೆ ಇದು, ಗದ್ದದ ಗಾಯದ ಗುರುತು. ಇದು ಕಣ್ಣ ಕೆಳಗಿನ ಚರ್ಮ. ಇದು ಹಣೆ ಮೇಲಿನ ಕಲೆ. ಇದು ಮುಂದಿನ ಹಲ್ಲು ಚಕ್ಕೆ ಎದ್ದಿರೋದು. ಇದು ತೋಳಿನ ಹೊಲಿಗೆ ಬಿಚ್ಚಿರೋದು. ಕೆಳಗೆ ತಾರೀಕು, ಟೈಮು."

ತಾರೀಕು ಬರುವಂತೆ ಯಾವಾಗ ಮಾಡಿದ್ದನೋ ಅವನಿಗೇ ನೆನಪಿರಲಿಲ್ಲ. ಆಫೀಸಿನ ಫೋಟೋಗಳಿಗೆ ತಾರೀಕು ಕಡ್ಡಾಯ.

"ಅಭ್ಯಾಸ," ಎಂದ. "ಲೆನ್ಸ್ ಟೆಸ್ಟು."

"ನಂಬರ್ ಪ್ಲೇಟ್ ಒಂದು ಬಿಟ್ಟುಹೋಗಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಕಷ್ಟವಾದದ್ದು. "ಏನಂತ ಬರೀತೀರಾ? ರಿಪೇರಿನಾ, ಇನ್ನೊಂದಾ?"

"ಏನೇನೋ ಮಾತಾಡ್ಬೇಡ."

"ಈ ಗದ್ದದ ಗಾಯ ಯಾವಾಗ ಆಯ್ತು ಗೊತ್ತಾ?"

ಗೊತ್ತಿತ್ತು. ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಳು. ಸದ್ದು ಕೇಳಿ ಓಡಿ ಬಂದವನು ಬಾಗಿಲಲ್ಲೇ ನಿಂತು, ಕಾಲು ಎಲ್ಲಿ ಜಾರಿತು, ಎಷ್ಟು ದೂರ ಎಳೆದುಕೊಂಡು ಹೋಯಿತು, ಗದ್ದ ತಗುಲಿದ್ದು ನಲ್ಲಿಗೋ ಅಂಚಿಗೋ ಎಂದು ನೋಡಿದ್ದ. ನೋಡಿ ಮುಗಿದ ಮೇಲೆ ಕೈ ಕೊಟ್ಟಿದ್ದ. ತುಂಬ ಹೊತ್ತೇನಲ್ಲ, ನಾಲ್ಕೈದು ಉಸಿರಿನಷ್ಟು. ನೆಲದ ಮೇಲಿದ್ದವಳು ಅಷ್ಟೂ ಹೊತ್ತು ಕತ್ತೆತ್ತಿ ಅವನನ್ನೇ ನೋಡುತ್ತಿದ್ದಳು. ಬಟ್ಟೆ ಮಡಚಿದ ಭಾನುವಾರ ಬಂದದ್ದು ಅದಾದ ಎರಡು ವಾರಕ್ಕೆ.

"ಗೊತ್ತು," ಎಂದ.

"ಗೊತ್ತಿರುತ್ತೆ. ನಿಮಗೆ ಎಲ್ಲಾ ಗೊತ್ತಿರುತ್ತೆ."

ಟೀ ಅಂಗಡಿಯವಳು ಲೋಟ ಎತ್ತಲು ಬಂದು, "ಎಷ್ಟು ದೊಡ್ಡ ಕ್ಯಾಮೆರಾ! ಅಮ್ಮಾವ್ರದ್ದು ಪೇಪರಿಗೆ ಹಾಕ್ತೀರಾ?" ಎಂದು ಕೇಳಿದಳು.

"ಫೈಲಿಗೆ ಹಾಕ್ತಾರೆ," ಎಂದಳು ಅವಳು.

ಅಲ್ಲಿಂದ ಮುಂದಕ್ಕೆ ಅರ್ಧ ಗಂಟೆ ಕಾರು ಓಡಿತು. ಅವನಿಗೆ ತನ್ನ ಮೇಲೆ, ಅವಳ ಮೇಲೆ, ಬೆಳಗ್ಗೆ ಸಣ್ಣ ಕ್ಯಾಮೆರಾ ಮುಂದೆ ಮಾಡಿದ ಅಂಗಡಿಯವನ ಮೇಲೆ ಸಿಟ್ಟು ಬಂತು. ಕ್ಷಮಿಸು ಎನ್ನಬಹುದಿತ್ತು. ಯಾವುದಕ್ಕೆ ಎಂದು ಅವಳು ಕೇಳಿದರೆ? ಒಂದಕ್ಕೆ ಹೇಳಿದರೆ ಮಿಕ್ಕವು ಉಳಿಯುತ್ತವೆ. ಎಲ್ಲಕ್ಕೂ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಮನಸ್ಸಿನಲ್ಲೇ ಖಾನೆ ಎಳೆಯುತ್ತ ಓಡಿಸಿದ.

ಉದ್ದದ ಸೇತುವೆ ಬಂತು. ಕೆಳಗೆ ಹೊಳೆ ಬತ್ತಿ, ಅಲ್ಲಲ್ಲಿ ನಿಂತ ನೀರಿಗೆ ಸಂಜೆಯ ಬಿಸಿಲು ಬಿದ್ದಿತ್ತು.

"ಇಲ್ಲಿ ನಿಲ್ಸಿ," ಎಂದಳು.

"ಸೇತುವೆ ಮೇಲೆ ನಿಲ್ಲಿಸೋ ಹಾಗಿಲ್ಲ."

"ಹಂಗಾದ್ರೆ ಆಚೆ ತುದಿಯಲ್ಲಿ ನಿಲ್ಸಿ. ನಡ್ಕೊಂಡು ಬರೋಣ."

ಕಾರು ನಿಲ್ಲಿಸಿ ಇಬ್ಬರೂ ಹಿಂದಕ್ಕೆ ನಡೆದರು. ಅವನು ಟ್ರೈಪಾಡು ಹೆಗಲಿಗೇರಿಸಿದ್ದ. ಲಾರಿಗಳು ಹಾದಾಗಲೆಲ್ಲ ಸೇತುವೆ ಮೈ ಜುಂ ಎನ್ನುತ್ತಿತ್ತು. ನಡುಭಾಗಕ್ಕೆ ಬಂದು ಅವಳು ಸೇತುವೆಯ ಕಂಬಿಗೆ ಬೆನ್ನು ಕೊಟ್ಟು ನಿಂತಳು.

"ಒಂದೇ ಒಂದು ತೆಗೀರಿ. ಇಬ್ಬರದ್ದೂ. ನೀವೂ ಇರ್ಬೇಕು ಅದರಲ್ಲಿ."

"ನಾನಾ?"

"ಹನ್ನೊಂದು ವರ್ಷದಲ್ಲಿ ನಾವಿಬ್ಬರೇ ಇರೋದು ಒಂದೂ ಇಲ್ಲ. ಮದುವೆದರಲ್ಲಿ ಕೂಡ ನಡುವೆ ಯಾರಾದ್ರೂ ಇದ್ದಾರೆ. ಬನ್ನಿ, ಪಕ್ಕದಲ್ಲಿ ನಿಂತ್ಕೊಳ್ಳಿ. ಐದು ದಿನ ಯಾಕೆ ಕಾಯೋದು? ಅದಾದ ತಕ್ಷಣ ಹೇಳ್ತೀನಿ."

ಏನನ್ನು ಎಂದು ಅವನು ಕೇಳಲಿಲ್ಲ. ಕಾರು ಯಾರ ಮನೆ ಮುಂದೆ ನಿಲ್ಲಬೇಕೆಂಬುದೇ ಇರಬೇಕು. ಹೆಗಲಿಂದ ಟ್ರೈಪಾಡು ಇಳಿಸಿದ.

ಕಾಲುದಾರಿ ಒಂದೇ ಮಾರು ಅಗಲ. ಟ್ರೈಪಾಡು ಅಲ್ಲೇ ನಿಲ್ಲಿಸಿ ನೋಡಿದರೆ ಮುಖದ ಲೆನ್ಸಿನಲ್ಲಿ ಅವಳ ಕಿವಿ, ಅರ್ಧ ಕೆನ್ನೆ, ಅಷ್ಟೆ. ರಸ್ತೆಗಿಳಿದು ಹಿಂದೆ ಸರಿದ. ಹಾರ್ನು. ಮತ್ತೆ ಮೇಲೆ ಹತ್ತಿದ. ಹತ್ತಿರ ನಿಂತು ಇಬ್ಬರನ್ನು ಹಿಡಿಯುವುದು ಈ ಲೆನ್ಸಿನಿಂದ ಆಗದ ಮಾತು.

"ಆಚೆ ಕಡೆಯಿಂದ ಸರಿಯಾಗುತ್ತೆ. ನೀನು ಇಲ್ಲೇ ಇರು."

"ಬೇಡಾರೀ. ಫೋನಲ್ಲೇ ತೆಗೀರಿ, ಹೆಂಗೆ ಬಂದ್ರೂ ಪರವಾಗಿಲ್ಲ," ಎಂದಳು.

"ಎರಡು ನಿಮಿಷ," ಎಂದ.

ಸಂದು ನೋಡಿ ರಸ್ತೆ ದಾಟಿದ. ಆಚೆ ಬದಿಯಲ್ಲಿ ಟ್ರೈಪಾಡಿನ ಕಾಲುಗಳನ್ನು ಬಿಗಿ ಮಾಡಿ ಕಣ್ಣಿಟ್ಟ. ಸರಿಯಾಗಿತ್ತು. ಫ್ರೇಮಿನ ಎಡಕ್ಕೆ ಅವಳು, ಹಿಂದೆ ಕರಗಿದ ನೀರು, ಕರಗಿದ ಬಿಸಿಲು. ಬಲಕ್ಕೆ ಒಬ್ಬ ಮನುಷ್ಯನಿಗಾಗುವಷ್ಟು ಜಾಗ. ಅವಳೇ ಸರಿದು ಬಿಟ್ಟುಕೊಟ್ಟಿದ್ದಳು. ಅಲ್ಲಿ ತನ್ನ ಭುಜ ಬರಬೇಕು, ಇಲ್ಲಿ ತಲೆ. ಟೈಮರನ್ನು ಹತ್ತು ಸೆಕೆಂಡಿಗೆ ಇಟ್ಟು, ಒತ್ತಿ, ಓಡಿದ.

ಲಾರಿ. ಹಿಂದಕ್ಕೆ ಹಾರಿದ. ಬೆನ್ನ ಹಿಂದೆ ಕ್ಯಾಮೆರಾ ಸದ್ದು ಮಾಡಿತು.

ಎರಡನೆಯ ಸಲ ನಡುಗೆರೆಯವರೆಗೆ ಹೋದ. ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹಾಕಿ, "ಮನೇಲಿ ಹೇಳಿ ಬಂದಿದ್ದೀಯೇನೋ?" ಎಂದು ಕೂಗಿಕೊಂಡು ಹೋದ. ಮೂರನೆಯ ಸಲ ಎರಡು ಹೆಜ್ಜೆಗೆ ವಾಪಸ್. ಆ ಬದಿಯಲ್ಲಿ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಕೈಚಾಚಿ, ಬನ್ನಿ ಬನ್ನಿ ಎಂದು ಕರೆಯುತ್ತಿದ್ದಳು. ಕ್ಯಾಮೆರಾದ ಗುಂಡಿಯನ್ನು ಫೋನಿನಿಂದಲೇ ಒತ್ತುವ ಏರ್ಪಾಡು ಇದೆಯಂತೆ. ಹುಡುಕಿದ, ಫೋನಿಗೆ ಕ್ಯಾಮೆರಾ ಸಿಗಲಿಲ್ಲ. ನಾಲ್ಕು. ಐದು. ಒಂದು ಹಂತದಲ್ಲಿ ರಸ್ತೆ ಎರಡೂ ಕಡೆ ಖಾಲಿಯಾಗಿ, ಅರೆ ನಿಮಿಷ ಒಂದು ಸೈಕಲ್ಲೂ ಬರಲಿಲ್ಲ. ಅವನು ಬಗ್ಗಿ ಫೋಕಸ್ ಸರಿ ಮಾಡುತ್ತಿದ್ದ. ತಾನು ನಿಲ್ಲಬೇಕಾದ ಜಾಗಕ್ಕೆ.

ತಲೆ ಎತ್ತಿದಾಗ ಮತ್ತೆ ವಾಹನಗಳ ಸಾಲು. ಅವಳ ನಗು ನಿಂತಿತ್ತು. ಚಾಚಿದ್ದ ಕೈ ಕೆಳಗಿತ್ತು.

ತೆಗೆದ ಐದನ್ನೂ ಪರದೆಯಲ್ಲಿ ನೋಡಿದ. ಒಂದರಲ್ಲಿ ಲಾರಿಯ ಪಕ್ಕೆ. ಇನ್ನೊಂದರಲ್ಲಿ ಅವಳ ಕಣ್ಣು ಮುಚ್ಚಿತ್ತು. ಮಿಕ್ಕವುಗಳಲ್ಲಿ ಅವಳು, ಪಕ್ಕದಲ್ಲಿ ಆ ಜಾಗ. ಅಳೆದಂತೆ ಅಷ್ಟೇ ಅಗಲ.

ಟೈಮರು ತೆಗೆದು ಮತ್ತೆ ಕಣ್ಣಿಟ್ಟ. ಅವಳು ಈಗ ಕಂಬಿಯಿಂದ ಬೆನ್ನು ಬಿಡಿಸಿ ನೇರ ಅವನತ್ತ ತಿರುಗಿ ನಿಂತಿದ್ದಳು. ತುಟಿ ಅಲುಗಿತು. ಏನೋ ಹೇಳುತ್ತಿದ್ದಳು. ಲೆನ್ಸಿನಲ್ಲಿ ತುಟಿಯ ಬಿರುಕು ಕೂಡ ಕಾಣುತ್ತಿತ್ತು. ಕಿವಿಗೆ ಲಾರಿಗಳ ಸದ್ದು ಬಿಟ್ಟು ಏನೂ ಇಲ್ಲ.

"ಕೇಳಿಸ್ಲಿಲ್ಲ!" ಎಂದು ಕೂಗಿದ.

ಅವಳು ಇನ್ನೊಮ್ಮೆ ಹೇಳಿದಳು. ನಿಧಾನವಾಗಿ. ಚಿಕ್ಕ ಮಾತು. ಕೈ ಬೀಸಲಿಲ್ಲ, ತಲೆ ಆಡಿಸಲಿಲ್ಲ.

ಅವನ ಬೆರಳು ಗುಂಡಿ ಒತ್ತಿತು.

ಉದ್ದನೆಯ ಟ್ರೇಲರೊಂದು ಬಂದು ಅವಳಿದ್ದ ಬದಿಯನ್ನೆಲ್ಲ ಮರೆಮಾಡಿ ಸಾಗತೊಡಗಿತು. ಅದು ಮುಗಿಯುವವರೆಗೆ ಕಾಯಬೇಕಿತ್ತು. ಅವನು ಕ್ಯಾಮೆರಾದತ್ತ ಬಗ್ಗಿದ. ಪರದೆಯಲ್ಲಿ ಅವಳ ಮುಖ, ತುಸು ತೆರೆದ ಬಾಯಿ. ಯಾವುದೋ ಮಾತಿನ ಅರ್ಧದಲ್ಲಿ ನಿಂತ ಬಾಯಿ. ಹೇಳಿದ್ದು ಏನಿರಬಹುದೆಂದು ಗುಂಡಿ ಒತ್ತಿ ಹಿಗ್ಗಿಸಿದ. ಮುಖ ಹೋಗಿ ಬಾಯಿ ಉಳಿಯಿತು. ಇನ್ನೂ ಹಿಗ್ಗಿಸಿದ. ತುಟಿಗಳು ಅಂಚಿನಾಚೆ ಸರಿದು ಹೋದವು. ಪರದೆಯ ತುಂಬ ಕಪ್ಪು. ಕಪ್ಪಿನ ಮೂಲೆಯಲ್ಲಿ ಬಿಳಿಯ ಒಂದು ಚೌಕ, ಚಕ್ಕೆ ಎದ್ದ ಹಲ್ಲಿನದೋ ಏನೋ. ಟ್ರೇಲರು ಹೋಯಿತು, ಅದರ ಹಿಂದೆ ಇನ್ನೊಂದು ಬಂತು. ಅವನು ತಲೆ ಎತ್ತದೆ ಇನ್ನೊಮ್ಮೆ ಹಿಗ್ಗಿಸಿದ.